ಉಕ್ಕಿನ ತಗಡಿನ ಬದಲು ಫೈಬರ್: ಹಗುರ ವಾಹನಕ್ಕೆ ಸ್ಯಾಂಡ್‌ವಿಚ್ ಫ್ಲೋರ್ ಪ್ಯಾನೆಲ್ ಮಾಡುವ ಕ್ರಮ

‘1 ಮಿಲಿಮೀಟರ್ ಉಕ್ಕಿನ ತಗಡು ತೆಗೆದು ಕಾರ್ಬನ್ ಫೈಬರ್ ಹಾಕಬೇಕು, ಎಷ್ಟು ಪದರ ಬೇಕು?’ ಹಗುರ ವಾಹನ ಕಟ್ಟಲು ಹೊರಟವರೆಲ್ಲ ಕೇಳುವುದು ಇದನ್ನೇ. ಪದರದ ಲೆಕ್ಕಕ್ಕೆ ಇಳಿಯುವ ಮೊದಲು ಆ ತಗಡು ಅಲ್ಲಿ ಏನು ಕೆಲಸ ಮಾಡುತ್ತಿದೆ ಎಂದು ನೋಡಬೇಕು. ಬಾಗದೆ ನಿಲ್ಲುವುದೇ ಅದರ ಮುಖ್ಯ ಕೆಲಸವಾಗಿದ್ದರೆ ಕಾರ್ಬನ್ ಬೇಕಾಗದೇ ಹೋಗಬಹುದು. ಗ್ಲಾಸ್ ಫೈಬರ್ ಬಟ್ಟೆಯ ನಡುವೆ ಹಗುರ ಫೋಮ್ ಕೂರಿಸಿದ ಸ್ಯಾಂಡ್‌ವಿಚ್ ಹಲಗೆ ಆ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುತ್ತದೆ.

ಇಲ್ಲಿ 1 ಮೀಟರ್ ಉದ್ದ, 60 ಸೆಂಟಿಮೀಟರ್ ಅಗಲದ ಫ್ಲೋರ್ ಪ್ಯಾನೆಲ್ (ವಾಹನದ ನೆಲದ ಹಲಗೆ) ಒಂದನ್ನು ಇಟ್ಟುಕೊಂಡು, ಲೆಕ್ಕದಿಂದ ಹಿಡಿದು ವಾಹನಕ್ಕೆ ಕೂರಿಸುವವರೆಗೆ ಕ್ರಮವಾಗಿ ವಿವರಿಸಿದ್ದೇವೆ. ವಿಧಾನ ವ್ಯಾಕ್ಯೂಮ್ ಇನ್‌ಫ್ಯೂಷನ್. ಅಂದರೆ ಒಣ ಬಟ್ಟೆಯನ್ನು ಅಚ್ಚಿನ ಮೇಲೆ ಜೋಡಿಸಿ, ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ, ಒಳಗಿನ ಗಾಳಿ ತೆಗೆದು, ಹೊರಗಿನ ಗಾಳಿಯ ಒತ್ತಡದಿಂದಲೇ ರೆಸಿನ್, ಅಂದರೆ ಎಳೆಗಳನ್ನು ಬೆಸೆದು ಗಟ್ಟಿಯಾಗುವ ದ್ರವ, ಒಳಗೆ ಹರಿಯುವಂತೆ ಮಾಡುವುದು.

ಮೊದಲು ಲೆಕ್ಕ

ಎರಡು ಗುಣಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಳ್ಳಿ. ಬಲ ಎಂದರೆ ಮುರಿಯದೆ ತಡೆಯುವ ಶಕ್ತಿ. ಬಿಗಿತ ಎಂದರೆ ಬಾಗದೆ ನಿಲ್ಲುವ ಗುಣ. ವಾಹನದ ಹಲಗೆಗಳಲ್ಲಿ ಹೆಚ್ಚಿನ ಕಡೆ ಕೊರತೆ ಬೀಳುವುದು ಬಿಗಿತ.

ಕಾರ್ಬನ್ ಎಳೆಯ ಬಿಗಿತ 230 ಗಿಗಾಪಾಸ್ಕಲ್ (ಬಿಗಿತ ಅಳೆಯುವ ಮಾನ), ಉಕ್ಕಿನದು ಸುಮಾರು 205 ಎಂದು ಓದಿ ‘ಕಾರ್ಬನ್ ಉಕ್ಕಿಗಿಂತ ಗಟ್ಟಿ’ ಎಂದು ತೀರ್ಮಾನಿಸುವವರು ಬಹಳ. ಆ 230 ಬರಿಯ ಎಳೆಯದು, ಅದೂ ಉದ್ದಕ್ಕೆ ಎಳೆದಾಗ. ಎಳೆ ಅರ್ಧ, ರೆಸಿನ್ ಅರ್ಧ ಇರುವ ಹಲಗೆಯಲ್ಲಿ ಎಲ್ಲ ಎಳೆಗಳೂ ಒಂದೇ ದಿಕ್ಕಿಗಿದ್ದರೆ ಆ ದಿಕ್ಕಿನಲ್ಲಿ 115ರ ಆಸುಪಾಸು ಸಿಗುತ್ತದೆ, ಅಡ್ಡಕ್ಕೆ 10ಕ್ಕೂ ಕಡಿಮೆ. ಎಳೆಗಳನ್ನು ನಾಲ್ಕೂ ದಿಕ್ಕಿಗೆ ಸಮನಾಗಿ ಹಂಚಿದರೆ ಎಲ್ಲ ಕಡೆಗೂ 45ರಷ್ಟು ಬರುತ್ತದೆ. ಗ್ಲಾಸ್ ಫೈಬರಿನಲ್ಲಿ ಹೀಗೆ ಹಂಚಿದರೆ ಸುಮಾರು 18.

ಹಾಗಿದ್ದೂ ಈ ಹಲಗೆ ಉಕ್ಕನ್ನು ಮೀರಿಸುವುದು ದಪ್ಪದಿಂದ. ಬಾಗುವಿಕೆಯಲ್ಲಿ ಬಿಗಿತವು ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ: ದಪ್ಪ ಎರಡು ಪಟ್ಟಾದರೆ ಬಿಗಿತ ಎಂಟು ಪಟ್ಟು. 1 ಮಿಮೀ ಉಕ್ಕಿನ ತಗಡಿನಷ್ಟೇ ಬಿಗಿತ ಬೇಕೆಂದರೆ ಚದರ ಮೀಟರಿಗೆ ಬೀಳುವ ತೂಕ ಹೀಗಿದೆ:

ಉಕ್ಕು, 1 ಮಿಮೀ: 7.85 ಕಿಲೋ
ಗ್ಲಾಸ್ ಫೈಬರ್ ಗಟ್ಟಿ ಹಲಗೆ, 2.25 ಮಿಮೀ: 4.2 ಕಿಲೋ
ಅಲ್ಯೂಮಿನಿಯಂ, 1.43 ಮಿಮೀ: 3.9 ಕಿಲೋ
ಕಾರ್ಬನ್ ಗಟ್ಟಿ ಹಲಗೆ, 1.66 ಮಿಮೀ: 2.45 ಕಿಲೋ

ಈಗ ಸ್ಯಾಂಡ್‌ವಿಚ್ ನೋಡಿ. ಚದರ ಮೀಟರಿಗೆ 300 ಗ್ರಾಂ ತೂಗುವ ಗ್ಲಾಸ್ ಬಟ್ಟೆ ಮೇಲೆ ಎರಡು ಪದರ, ಕೆಳಗೆ ಎರಡು ಪದರ, ನಡುವೆ ಘನ ಮೀಟರಿಗೆ 80 ಕಿಲೋ ತೂಗುವ ಫೋಮ್. ಫೋಮ್ 5 ಮಿಮೀ ಇದ್ದರೆ ತೂಕ 2.6 ಕಿಲೋ, ಬಿಗಿತ ಉಕ್ಕಿನ ತಗಡಿನ ಏಳು ಪಟ್ಟು. ಫೋಮ್ 10 ಮಿಮೀ ಮಾಡಿದರೆ ತೂಕ 3 ಕಿಲೋ, ಬಿಗಿತ 27 ಪಟ್ಟು. ಗ್ಲಾಸ್ ಫೈಬರಿನಲ್ಲೇ ಇಷ್ಟು ಸಾಧ್ಯ. ಕಾರ್ಬನ್ ಕೊಳ್ಳುವ ಮೊದಲು ಈ ನಾಲ್ಕು ಸಾಲಿನ ಲೆಕ್ಕ ಮಾಡಿ ನೋಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಒಂದು ಎಚ್ಚರ. ಇದು ಚಪ್ಪಟೆ ತಗಡಿನ ಹೋಲಿಕೆ. ಕಾರ್ಖಾನೆಯ ಉಕ್ಕಿನ ನೆಲಕ್ಕೆ ಒತ್ತಿದ ಉಬ್ಬುಗೆರೆಗಳಿರುತ್ತವೆ, ಅದರ ಬಿಗಿತದ ಬಹುಪಾಲು ಅವುಗಳಿಂದಲೇ ಬರುತ್ತದೆ. ಅಂಥ ನೆಲವನ್ನು ಬದಲಿಸುವಾಗ 5 ಮಿಮೀ ಫೋಮ್ ಸಾಲುವುದಿಲ್ಲ. ಕಾಲಿಡುವ ಜಾಗವಾದ್ದರಿಂದ ನಾವು 10 ಮಿಮೀ ಹಿಡಿಯುತ್ತೇವೆ, ಉದ್ದದ ನಡುವೆ ಚೌಕಟ್ಟಿನ ಒಂದು ಅಡ್ಡಪಟ್ಟಿ ಆಸರೆಯಾಗಿ ಇದೆ ಎಂದಿಟ್ಟುಕೊಳ್ಳುತ್ತೇವೆ.

ಬೇಕಾದ ಸಾಮಾನು

ಬಟ್ಟೆ: 300 ಗ್ರಾಂ ಗ್ಲಾಸ್, ಹೊಲಿಗೆಯಿಂದ ಹಿಡಿದ ಎರಡು ದಿಕ್ಕಿನ ಬಟ್ಟೆ. 0/90 ಡಿಗ್ರಿಯದು (ಎಳೆ ಉದ್ದಕ್ಕೂ ಅಡ್ಡಕ್ಕೂ) ಮತ್ತು ±45 ಡಿಗ್ರಿಯದು (ಎಳೆ ಎರಡೂ ಕಡೆಗೆ ಓರೆಯಾಗಿ) ಎರಡೂ ಬೇಕು. ನೇಯ್ದ ಬಟ್ಟೆಯೂ ನಡೆಯುತ್ತದೆ, ಆದರೆ ನೇಯ್ಗೆಯಲ್ಲಿ ಎಳೆ ಮೇಲೆ ಕೆಳಗೆ ಬಳುಕುವುದರಿಂದ ಬಿಗಿತ ಸ್ವಲ್ಪ ಕಡಿಮೆ. ಕತ್ತರಿಸಿದ ಎಳೆಗಳ ಮ್ಯಾಟ್ ಇಲ್ಲಿ ಬೇಡ. ಅದರ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರಿನ್‌ಗೆ ಕರಗುವಂಥದ್ದು. ನಾವು ಬಳಸುವ ಇನ್ನೊಂದು ಬಗೆಯ ರೆಸಿನ್ ಎಪಾಕ್ಸಿಗೆ ಸಾಮಾನ್ಯವಾಗಿ ಕರಗುವುದಿಲ್ಲ, ಮ್ಯಾಟ್ ಗಟ್ಟಿಯಾಗಿಯೇ ಉಳಿದು ಬಿಳಿ ಚುಕ್ಕೆ ಬೀಳುತ್ತದೆ.

ರೆಸಿನ್: ಇನ್‌ಫ್ಯೂಷನ್‌ಗೆಂದೇ ಮಾಡಿದ ತೆಳು ಎಪಾಕ್ಸಿ. ಕಲಸಿದ ಮೇಲೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ಹರಿಯುವಾಗಿನ ಮಂದತನ, 200ರಿಂದ 300 ಮಿಲಿಪಾಸ್ಕಲ್-ಸೆಕೆಂಡ್ ಇರಬೇಕು. ಕೈಯಿಂದ ಬಳಿಯುವ ದಪ್ಪ ಎಪಾಕ್ಸಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ.

ಫೋಮ್: ಪಿವಿಸಿ ಅಥವಾ ಪಿಇಟಿ ಪ್ಲಾಸ್ಟಿಕ್‌ನದು, ಮುಚ್ಚಿದ ಕೋಶಗಳದು, 10 ಮಿಮೀ. 2 ಮಿಮೀ ತೂತುಗಳು 20–25 ಮಿಮೀ ಅಂತರದಲ್ಲಿ ಇರುವಂಥದ್ದು. ಆ ತೂತುಗಳ ಮೂಲಕವೇ ರೆಸಿನ್ ಕೆಳಮುಖಕ್ಕೆ ಇಳಿಯುತ್ತದೆ. ಪ್ಯಾಕಿಂಗ್‌ನ ಬಿಳಿ ಥರ್ಮೊಕೋಲ್ ಬೇಡವೇ ಬೇಡ: ಅದಕ್ಕೆ ಒತ್ತಡ ತಡೆಯುವ ಬಲವಿಲ್ಲ, ಸ್ಟೈರಿನ್ ತಾಗಿದರೆ ಕರಗಿಹೋಗುತ್ತದೆ. ಫೋಮಿನ ಬದಲು ನಡುವೆ ಇಡುವ ಜೇನುಗೂಡಿನಾಕಾರದ ಕೋರ್ ಕೂಡ ಇನ್‌ಫ್ಯೂಷನ್‌ಗೆ ಆಗದು, ಗೂಡುಗಳೆಲ್ಲ ರೆಸಿನ್ ತುಂಬಿಕೊಂಡು ಭಾರವಾಗುತ್ತವೆ.

ಬ್ಯಾಗಿನ ಸಾಮಾನು: ಬ್ಯಾಗ್ ಹಾಳೆ, ಅಂಟುವ ಸೀಲಂಟ್ ಟೇಪ್, ಪೀಲ್ ಪ್ಲೈ (ಗಟ್ಟಿಯಾದ ಮೇಲೆ ಕಿತ್ತು ತೆಗೆಯುವ ನೈಲಾನ್ ಬಟ್ಟೆ), ರೆಸಿನ್ ಹರಿಸುವ ಜಾಲರಿ, ಸುರುಳಿ ಕೊಳವೆ, ಗಟ್ಟಿ ಪೈಪು, ಅದನ್ನು ಒತ್ತಿ ಮುಚ್ಚುವ ಹಿಡಿಕೆಗಳು (ಕ್ಲಾಂಪ್). ಪಂಪಿನ ಮುಂದೆ ಕ್ಯಾಚ್ ಪಾಟ್, ಅಂದರೆ ಮಿಕ್ಕು ಬಂದ ರೆಸಿನ್ ಪಂಪಿಗೆ ಹೋಗದಂತೆ ಹಿಡಿಯುವ ಪಾತ್ರೆ, ಇರಲೇಬೇಕು.

ನಿರಪೇಕ್ಷ ಒತ್ತಡ ತೋರಿಸುವ ಗೇಜ್: ಪಂಪಿನ ಮೇಲಿನ ಮುಳ್ಳಿನ ಗೇಜ್ ಹೊರಗಿನ ಗಾಳಿಗೆ ಹೋಲಿಸಿ ಹೇಳುತ್ತದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಊರಲ್ಲಿ ಹೊರಗಿನ ಒತ್ತಡವೇ ಹತ್ತರಲ್ಲೊಂದು ಪಾಲು ಕಡಿಮೆ, ಹಾಗಾಗಿ ಅಲ್ಲಿ ಮುಳ್ಳು ತುದಿ ಮುಟ್ಟದಿದ್ದರೂ ನಿರ್ವಾತ ಪೂರ್ತಿಯಾಗಿರಬಹುದು. ಒಳಗೆ ಉಳಿದಿರುವ ಒತ್ತಡವನ್ನೇ ಮಿಲಿಬಾರಿನಲ್ಲಿ ತೋರಿಸುವ ಗೇಜ್ ತನ್ನಿ.

ರಕ್ಷಣೆಗೆ ನೈಟ್ರೈಲ್ ಕೈಗವಸು, ಕನ್ನಡಕ, ಆವಿ ಮತ್ತು ದೂಳು ಎರಡನ್ನೂ ತಡೆಯುವ ಫಿಲ್ಟರಿನ ಮುಖವಾಡ. ಎಪಾಕ್ಸಿ ಚರ್ಮಕ್ಕೆ ತಾಗುತ್ತಲೇ ಇದ್ದರೆ ಮೈ ಅದಕ್ಕೆ ಅಲರ್ಜಿ ಬೆಳೆಸಿಕೊಳ್ಳುತ್ತದೆ, ಒಮ್ಮೆ ಬಂದರೆ ಜೀವಮಾನವಿಡೀ ಇರುತ್ತದೆ. ಕೈಗಂಟಿದ್ದನ್ನು ಅಸಿಟೋನ್ ಹಾಕಿ ಒರೆಸಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೆ ಒಯ್ಯುತ್ತದೆ. ಸೋಪು ನೀರು ಸಾಕು. ಪಾಲಿಯೆಸ್ಟರ್ ಬಳಸುವವರಿಗೆ ಇನ್ನೊಂದು ಮಾತು: ಗಟ್ಟಿಯಾಗುವ ವೇಗ ಹೆಚ್ಚಿಸುವ ಕೋಬಾಲ್ಟ್ ಆಕ್ಸಿಲರೇಟರನ್ನೂ ಎಂಇಕೆಪಿ ಗಟ್ಟಿಕಾರಕವನ್ನೂ ನೇರವಾಗಿ ಒಂದಕ್ಕೊಂದು ಬೆರೆಸಿದರೆ ಸ್ಫೋಟವಾಗುತ್ತದೆ. ಒಂದನ್ನು ರೆಸಿನ್‌ನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು.

ಹಂತ 1: ಪದರಗಳ ಪಟ್ಟಿ ಬರೆಯಿರಿ

ಬಟ್ಟೆಗೆ ಕತ್ತರಿ ಹಾಕುವ ಮೊದಲು ಕಾಗದದ ಮೇಲೆ ಕೆಳಗಿನಿಂದ ಮೇಲಕ್ಕೆ ಬರೆಯಿರಿ: 0/90, ±45, ಫೋಮ್, ±45, 0/90. ನಡುಗೆರೆಯಿಂದ ಮೇಲೂ ಕೆಳಗೂ ಒಂದೇ ರೀತಿ ಇರಬೇಕು. ಈ ಸಮತೋಲ ತಪ್ಪಿದರೆ ಗಟ್ಟಿಯಾಗಿ ತಣ್ಣಗಾಗುವಾಗ ಹಲಗೆ ತಿರುಚಿಕೊಳ್ಳುತ್ತದೆ, ಎಷ್ಟು ಬೋಲ್ಟ್ ಬಿಗಿದರೂ ನೆಟ್ಟಗಾಗುವುದಿಲ್ಲ. ಕೆಳಗಿನಿಂದ ಕಲ್ಲು ಹೊಡೆಯುತ್ತದೆ ಎಂದು ಕೆಳಮುಖಕ್ಕೆ ಮಾತ್ರ ಒಂದು ಪದರ ಹೆಚ್ಚು ಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಹಾಕುವುದಾದರೆ ಎರಡೂ ಮುಖಕ್ಕೆ ಹಾಕಿ.

ಪದರದ ದಪ್ಪ ತಿಳಿಯಲು ಸುಲಭದ ಸೂತ್ರವಿದೆ: ಬಟ್ಟೆಯ ತೂಕವನ್ನು ಎಳೆಯ ಸಾಂದ್ರತೆ ಮತ್ತು ಎಳೆಯ ಪಾಲಿನ ಗುಣಲಬ್ಧದಿಂದ ಭಾಗಿಸಿ. ಗ್ಲಾಸಿನ ಸಾಂದ್ರತೆ 2.55, ಪಾಲು 0.5 ಎಂದರೆ 300 ಗ್ರಾಂ ಬಟ್ಟೆಯ ಒಂದು ಪದರ 0.235 ಮಿಮೀ. ಕೈಯಿಂದ ಬಳಿದರೆ ಎಳೆಯ ಪಾಲು 0.35ರಿಂದ 0.4ರಷ್ಟೇ ನಿಲ್ಲುತ್ತದೆ, ಮಿಕ್ಕಿದ್ದೆಲ್ಲ ರೆಸಿನ್ ಭಾರ.

ಹಂತ 2: ಬೋಲ್ಟ್ ಮತ್ತು ಅಂಚಿನ ಜಾಗ ಗುರುತಿಸಿ

ಸ್ಯಾಂಡ್‌ವಿಚ್ ಹಲಗೆಗಳು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಫೋಮಿನ ಮೇಲೆ ನೇರವಾಗಿ ಬೋಲ್ಟ್ ಬಿಗಿದರೆ ಫೋಮ್ ಕುಸಿಯುತ್ತದೆ, ಬಿಗಿ ಸಡಿಲವಾಗುತ್ತದೆ, ಅಲುಗಾಟಕ್ಕೆ ತೂತು ಅಗಲವಾಗುತ್ತದೆ, ಅಲ್ಲಿಂದ ನೀರು ಒಳಹೊಕ್ಕು ಪದರ ಬಿಡುತ್ತಾ ಹೋಗುತ್ತದೆ. ಆದ್ದರಿಂದ ಬೋಲ್ಟ್ ಬರುವ ಪ್ರತಿ ಜಾಗದಲ್ಲೂ ಫೋಮ್ ಕತ್ತರಿಸಿ ತೆಗೆದು, ಅದೇ ದಪ್ಪದ ಗ್ಲಾಸ್-ಎಪಾಕ್ಸಿ ಹಲಗೆಯ 40×40 ಮಿಮೀ ತುಂಡು ಕೂರಿಸಿ. ವಿದ್ಯುತ್ ಫಲಕಗಳಲ್ಲಿ ಬಳಸುವ ಆ ಹಳದಿ-ಹಸಿರು ಹಲಗೆ ಇದಕ್ಕೆ ಸರಿ. ಅದರ ಮೈ ನುಣುಪಾಗಿರುವುದರಿಂದ 80 ನಂಬರಿನ ಉಪ್ಪುಕಾಗದದಲ್ಲಿ ಹೊಳಪು ಪೂರ್ತಿ ಹೋಗುವವರೆಗೆ ಉಜ್ಜಿ, ಮೂಲೆಗಳನ್ನು ದುಂಡಗೆ ಮಾಡಿ. ತುಂಡಿನ ಮೇಲೂ ಕೆಳಗೂ 60 ಮತ್ತು 90 ಮಿಮೀ ಚೌಕದ ಎರಡೆರಡು ಹೆಚ್ಚುವರಿ ಬಟ್ಟೆ ತುಂಡುಗಳಿರಲಿ. ದೊಡ್ಡದು, ಚಿಕ್ಕದು ಎಂದು ಅಳತೆ ಬೇರೆ ಮಾಡುವುದರಿಂದ ದಪ್ಪ ಒಮ್ಮೆಗೇ ಮುಗಿಯದೆ ನಿಧಾನವಾಗಿ ಇಳಿಯುತ್ತದೆ.

ಸುತ್ತ ಅಂಚಿನಲ್ಲಿ 40 ಮಿಮೀ ಫೋಮ್ ಬೇಡ. ಅಲ್ಲಿ ಮೇಲಿನ ಬಟ್ಟೆಯೂ ಕೆಳಗಿನದೂ ಒಂದಾಗಲಿ, ಜೊತೆಗೆ 50 ಮಿಮೀ ಅಗಲದ ನಾಲ್ಕು ಪಟ್ಟಿ ಬಟ್ಟೆ ಸೇರಿಸಿದರೆ ಅಂಚು 1.9 ಮಿಮೀ ಗಟ್ಟಿ ಹಲಗೆಯಾಗುತ್ತದೆ. ಫೋಮಿನ ಅಂಚನ್ನು 30 ಡಿಗ್ರಿ ಇಳಿಜಾರಾಗಿ ಕೊಯ್ಯಿರಿ. 10 ಮಿಮೀ ಫೋಮಿಗೆ ಇಳಿಜಾರು 17 ಮಿಮೀ ಓಡುತ್ತದೆ. ನೇರವಾಗಿ ಕೊಯ್ದರೆ ಬಟ್ಟೆ ಆ ಮೆಟ್ಟಿಲನ್ನು ಅಪ್ಪಿಕೊಳ್ಳದೆ ಸೇತುವೆಯಂತೆ ನಿಂತು, ಅಡಿಯಲ್ಲಿ ರೆಸಿನ್ ಮಾತ್ರ ತುಂಬುತ್ತದೆ. ಮೊದಲ ಬಿರುಕು ಅಲ್ಲೇ ಬೀಳುತ್ತದೆ.

ಹಂತ 3: ಅಚ್ಚು

ಚಪ್ಪಟೆ ಹಲಗೆಗೆ 8–10 ಮಿಮೀ ದಪ್ಪದ ಟಫನ್ಡ್ ಗಾಜಿಗಿಂತ ಒಳ್ಳೆಯ ಅಚ್ಚಿಲ್ಲ. ಗಾಳಿ ಸೋರುವುದಿಲ್ಲ, ನುಣುಪು, ಅದಕ್ಕಿಂತ ಮುಖ್ಯವಾಗಿ ಕೆಳಗಿನಿಂದ ಬಗ್ಗಿ ನೋಡಿದರೆ ರೆಸಿನ್ ಎಲ್ಲಿಯವರೆಗೆ ಬಂದಿದೆ ಎಂದು ಕಾಣುತ್ತದೆ. ಸ್ಯಾಂಡ್‌ವಿಚ್‌ನಲ್ಲಿ ಮೇಲ್ಮುಖ ಒದ್ದೆಯಾಗಿ ಕೆಳಮುಖ ಒಣಗಿ ಉಳಿಯುವುದು ಬಲು ಸಾಮಾನ್ಯ, ಗಾಜಿಲ್ಲದಿದ್ದರೆ ಅದು ಗೊತ್ತಾಗುವುದು ಹಲಗೆ ಕಿತ್ತ ಮೇಲೆ. ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ) ಹಲಗೆ ಬಳಸುವುದಾದರೆ ಲ್ಯಾಮಿನೇಟ್ ಹಾಕಿದ್ದೇ ಇರಲಿ. ಬರಿ ಎಂಡಿಎಫ್ ಮೈಯೆಲ್ಲ ಗಾಳಿ ಬಿಡುತ್ತದೆ.

ಅಚ್ಚು ಸುತ್ತಲೂ ಹಲಗೆಗಿಂತ 150 ಮಿಮೀ ದೊಡ್ಡದಿರಲಿ. ಸೀಲಂಟ್ ಟೇಪ್ ಬರುವ ಜಾಗಕ್ಕೆ ಮೊದಲೇ ಮಾಸ್ಕಿಂಗ್ ಟೇಪ್ ಹಚ್ಚಿ, ಆಮೇಲೆ ರಿಲೀಸ್ ವ್ಯಾಕ್ಸ್, ಅಂದರೆ ಹಲಗೆ ಅಚ್ಚಿಗೆ ಅಂಟದಂತೆ ತಡೆಯುವ ಮೇಣ, ಹಚ್ಚಿ. ವ್ಯಾಕ್ಸ್ ಮೇಲೆ ಸೀಲಂಟ್ ಹಿಡಿಯುವುದಿಲ್ಲ. ಹೊಸ ಅಚ್ಚಿಗೆ ಐದಾರು ಸಲ ವ್ಯಾಕ್ಸ್, ಪ್ರತಿ ಸಲವೂ ಒಣಗಲು ಬಿಟ್ಟು ಉಜ್ಜಿ ಹೊಳಪು ಬರಿಸಬೇಕು.

ಹಂತ 4: ಒಣ ಜೋಡಣೆ

ಬಟ್ಟೆಯನ್ನು ಎಲ್ಲ ಕಡೆ 50 ಮಿಮೀ ಹೆಚ್ಚಿಟ್ಟು ಕತ್ತರಿಸಿ, ಸುರುಳಿ ಸುತ್ತಿ ಒಯ್ಯಿರಿ. ಮಡಚಿದರೆ ಮಡಿಕೆಯ ಗೆರೆ ಕೊನೆಯವರೆಗೂ ಉಳಿಯುತ್ತದೆ. ತುಂಡು ಸೇರಿಸಬೇಕಾಗಿ ಬಂದರೆ 25 ಮಿಮೀ ಒಂದರ ಮೇಲೊಂದು ಬರಲಿ, ಬೇರೆ ಬೇರೆ ಪದರಗಳ ಜೋಡಣೆ ಒಂದೇ ಗೆರೆಯಲ್ಲಿ ಬೀಳದಿರಲಿ. ಇದೇ ಅಚ್ಚಿನ ಪಕ್ಕದಲ್ಲಿ 100×600 ಮಿಮೀ ಪರೀಕ್ಷಾ ಪಟ್ಟಿಯೊಂದನ್ನು ಇದೇ ಪದರಗಳಿಂದ ಜೋಡಿಸಿ. ಅಂಚು ಗಟ್ಟಿ ಮಾಡುವುದು ಇದಕ್ಕೆ ಬೇಡ. ಹಂತ 9ರಲ್ಲಿ ಅದು ಬೇಕಾಗುತ್ತದೆ.

ಬಟ್ಟೆ ಜಾರದಂತೆ ಸ್ಪ್ರೇ ಅಂಟು ಬಳಸುವುದಾದರೆ ಇನ್‌ಫ್ಯೂಷನ್‌ಗೆ ಹೊಂದುವಂಥದ್ದು ಮಾತ್ರ, ಅದೂ ಅಲ್ಲೊಂದು ಇಲ್ಲೊಂದು ಚುಕ್ಕೆ. ಹೆಚ್ಚಾದರೆ ಅಂಟಿನ ಪೊರೆಯೇ ಪದರಗಳನ್ನು ಬೇರ್ಪಡಿಸುತ್ತದೆ.

ಬಟ್ಟೆಯ ಮೇಲೆ ಪೀಲ್ ಪ್ಲೈ, ಅದರ ಮೇಲೆ ಜಾಲರಿ. ಒಂದು ಉದ್ದದ ಅಂಚಿಗೆ ರೆಸಿನ್ ಬರುವ ಸುರುಳಿ ಕೊಳವೆ, ಎದುರಿನ ಅಂಚಿಗೆ ಗಾಳಿ ಎಳೆಯುವ ಕೊಳವೆ. ರೆಸಿನ್ ಅಗಲಕ್ಕೆ, ಅಂದರೆ 60 ಸೆಂಟಿಮೀಟರ್ ಹರಿಯಲಿ, ಉದ್ದಕ್ಕೆ ಬೇಡ: ದೂರ ಎರಡು ಪಟ್ಟಾದರೆ ತುಂಬುವ ಸಮಯ ನಾಲ್ಕು ಪಟ್ಟಾಗುತ್ತದೆ. ಜಾಲರಿಯನ್ನು ಗಾಳಿ ಎಳೆಯುವ ಅಂಚಿಗಿಂತ 30 ಮಿಮೀ ಹಿಂದೆಯೇ ನಿಲ್ಲಿಸಿ. ಪೂರ್ತಿ ಎಳೆದರೆ ರೆಸಿನ್ ಜಾಲರಿಯ ಮೇಲೇ ಓಡಿ ಕ್ಯಾಚ್ ಪಾಟಿಗೆ ಬಿದ್ದುಬಿಡುತ್ತದೆ, ಅಡಿಯ ಬಟ್ಟೆ ಒಣಗಿಯೇ ಇರುತ್ತದೆ.

ಹಂತ 5: ಬ್ಯಾಗ್ ಮತ್ತು ಸೋರಿಕೆ ಪರೀಕ್ಷೆ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಕೊಡಬೇಕಾದದ್ದು ಇದಕ್ಕೆ. ರೆಸಿನ್ ಕಲಸಿದ ಮೇಲೆ ಸೋರಿಕೆ ಸರಿಪಡಿಸಲು ಅವಕಾಶವೇ ಇರುವುದಿಲ್ಲ.

ಬ್ಯಾಗ್ ಹಾಳೆ ಹಲಗೆಗಿಂತ ಧಾರಾಳವಾಗಿ ದೊಡ್ಡದಿರಲಿ, ಪ್ರತಿ ಬದಿಗೆ ಎರಡು ಮೂರು ಕಿವಿ ಬಿಡಿ, ಅಂದರೆ ಹಾಳೆಯನ್ನು ಮೇಲೆತ್ತಿ ಟೇಪ್ ಹಚ್ಚಿದ ನೆರಿಗೆಗಳು. ಬ್ಯಾಗ್ ಬಿಗಿಯಾದರೆ ಮೂಲೆಗಳಲ್ಲಿ ಬಟ್ಟೆಯನ್ನು ಒತ್ತುವುದಿಲ್ಲ. ಸೀಲಂಟ್ ಹಚ್ಚುವ ಮುನ್ನ ಅಂಚನ್ನು ಬೆರಳಿನಿಂದ ಸವರಿ ನೋಡಿ. ಒಂದೇ ಒಂದು ಗ್ಲಾಸ್ ಎಳೆ ಟೇಪಿಗೆ ಅಡ್ಡ ಸಿಕ್ಕಿಕೊಂಡಿದ್ದರೂ ಅದರ ಗುಂಟ ಗಾಳಿ ಒಳಗೆ ಬರುತ್ತದೆ. ಸೋರಿಕೆ ಹುಡುಕಬೇಕಾದ ಜಾಗಗಳು ಈ ಕ್ರಮದಲ್ಲಿ: ಪೈಪು ಒಳಹೋಗುವ ಕಡೆ, ಕಿವಿಯ ಬುಡ, ಮೂಲೆಗಳು, ಕೊನೆಗೆ ಹಾಳೆಯ ಮೈ.

ರೆಸಿನ್ ಪೈಪಿನ ಬಾಯಿ ಮುಚ್ಚಿ, ಪಂಪ್ ಹಾಕಿ, ನಿಧಾನವಾಗಿ ಎಳೆಯಿರಿ. 500 ಮಿಲಿಬಾರ್ ಹತ್ತಿರ ನಿಲ್ಲಿಸಿ ನೆರಿಗೆಗಳನ್ನು ಕೈಯಿಂದ ಸರಿಪಡಿಸಿ, ಆಮೇಲೆ ಪೂರ್ತಿ ಎಳೆಯಿರಿ. ಒಳಗೆ ಉಳಿಯುವ ಒತ್ತಡ 20 ಮಿಲಿಬಾರಿಗಿಂತ ಕಡಿಮೆ ಇರಬೇಕು. ಗೇಜನ್ನು ಪಂಪಿನ ಹತ್ತಿರ ಇಡಬೇಡಿ, ರೆಸಿನ್ ಬರುವ ಬದಿಯಲ್ಲಿ ಇಡಿ.

ಈಗ ಪಂಪಿನ ಕವಾಟ ಮುಚ್ಚಿ 10 ನಿಮಿಷ ಕಾಯಿರಿ. ಒತ್ತಡ 5 ಮಿಲಿಬಾರ್ ಒಳಗೆ ಏರಿದರೆ ಒಳ್ಳೆಯದು. 10 ಮೀರಿದರೆ ರೆಸಿನ್ ಡಬ್ಬಿ ತೆರೆಯಬೇಡಿ. ಆದರೆ ಏರಿದ್ದೆಲ್ಲ ಸೋರಿಕೆಯೇ ಆಗಿರಬೇಕಿಲ್ಲ. ಫೋಮ್ ಮತ್ತು ಬಟ್ಟೆಯಲ್ಲಿ ಸಿಕ್ಕಿಕೊಂಡ ತೇವ, ಅನಿಲ ಹೊರಬಂದರೂ ಗೇಜ್ ಏರುತ್ತದೆ. ಗುರುತಿಸುವುದು ಹೀಗೆ: ಒಂದು ಗಂಟೆ ಪಂಪ್ ಓಡಿಸಿ ಮತ್ತೆ ಮುಚ್ಚಿ ನೋಡಿ. ಏರುವ ವೇಗ ಸಲದಿಂದ ಸಲಕ್ಕೆ ತಗ್ಗುತ್ತಿದ್ದರೆ ಅದು ತೇವ, ಹಾಗೇ ಇದ್ದರೆ ಸೋರಿಕೆ. ಹೇಗಿದ್ದರೂ ರೆಸಿನ್ ಬಿಡುವ ಮೊದಲು ಒಂದೆರಡು ಗಂಟೆ ಪೂರ್ತಿ ನಿರ್ವಾತದಲ್ಲಿ ಇರಿಸಿದರೆ ಫೋಮ್ ಒಣಗಿ ಗುಳ್ಳೆಗಳು ತುಂಬ ಕಡಿಮೆಯಾಗುತ್ತವೆ.

ಹಂತ 6: ರೆಸಿನ್ ಬಿಡುವುದು

ಬಟ್ಟೆಗೆ 325 ಗ್ರಾಂ ರೆಸಿನ್ ಸಾಕು. ಆದರೆ ಫೋಮಿನ ಎರಡೂ ಮೈ ಮತ್ತು ತೂತುಗಳು ಕುಡಿಯುವುದು 300 ಗ್ರಾಂ, ಜಾಲರಿ ಮತ್ತು ಪೀಲ್ ಪ್ಲೈ 300, ಪೈಪು ಮತ್ತು ಪಾತ್ರೆಯ ತಳ 200, ಅಂಚಿನ ಪಟ್ಟಿ ಹಾಗೂ ಪರೀಕ್ಷಾ ಪಟ್ಟಿಗೆ 180. ಒಟ್ಟು 1.3 ಕಿಲೋ. ತೂಕದಲ್ಲಿ 100 ಪಾಲು ರೆಸಿನ್‌ಗೆ 30 ಪಾಲು ಹಾರ್ಡನರ್ (ಗಟ್ಟಿಕಾರಕ) ಬೇಡುವಂಥದ್ದಾದರೆ 1000 ಗ್ರಾಂ ರೆಸಿನ್, 300 ಗ್ರಾಂ ಹಾರ್ಡನರ್. ನಿಮ್ಮ ಡಬ್ಬಿಯ ಜೊತೆ ಬಂದ ಹಾಳೆಯಲ್ಲಿ ಬೇರೆ ಪ್ರಮಾಣ ಇದ್ದರೆ ಅದೇ ಸರಿ. ತೂಕದ ಪ್ರಮಾಣ ಬೇರೆ, ಗಾತ್ರದ (ಮಿಲಿಲೀಟರಿನ) ಪ್ರಮಾಣ ಬೇರೆ ಎಂಬುದನ್ನೂ ಗಮನಿಸಿ.

ಹಾರ್ಡನರ್ ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬುದು ಪಾಲಿಯೆಸ್ಟರ್ ಕೆಲಸದಿಂದ ಬಂದ ಅಭ್ಯಾಸ. ಎಪಾಕ್ಸಿಯಲ್ಲಿ ಎರಡೂ ಭಾಗಗಳು ಒಂದಕ್ಕೊಂದು ಲೆಕ್ಕ ಹಿಡಿದು ಬೆಸೆಯುತ್ತವೆ. ಹೆಚ್ಚಾದದ್ದು ಬೆಸೆಯದೆ ಉಳಿದು ಹಲಗೆ ಮೆತ್ತಗಾಗುತ್ತದೆ. ಗ್ರಾಂ ತೋರಿಸುವ ತಕ್ಕಡಿ ಬಳಸಿ, ಮೂರು ನಿಮಿಷ ಕಲಸಿ, ಬದಿ ಮತ್ತು ತಳ ಕೆರೆದು ಕಲಸಿ, ಆಮೇಲೆ ಇನ್ನೊಂದು ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಿ.

ಬಿಸಿಯ ವಿಷಯದಲ್ಲಿ ಜಾಗ್ರತೆ. ಎಪಾಕ್ಸಿ ಗಟ್ಟಿಯಾಗುವಾಗ ಶಾಖ ಹುಟ್ಟುತ್ತದೆ. ಹಾಳೆಯಲ್ಲಿ ಬರೆದ ಪಾಟ್ ಲೈಫ್, ಅಂದರೆ ಕಲಸಿದ ಮೇಲೆ ಬಳಸಬಹುದಾದ ಸಮಯ, ಸಾಮಾನ್ಯವಾಗಿ 100 ಗ್ರಾಮಿನ ಲೆಕ್ಕದ್ದು. ಕಿಲೋಗಟ್ಟಲೆ ರೆಸಿನ್ನನ್ನು ಆಳದ ಬಕೆಟಿನಲ್ಲಿ ಬಿಟ್ಟರೆ ಶಾಖ ಹೊರಹೋಗಲಾರದೆ ಹೊಗೆಯಾಡತೊಡಗುತ್ತದೆ. 650 ಗ್ರಾಮಿನಂತೆ ಎರಡು ಸಲ ಕಲಸಿ, ಅಗಲ ಬಾಯಿಯ ಪಾತ್ರೆ ಬಳಸಿ. ಕೋಣೆ 20–25 ಡಿಗ್ರಿ ಇರಲಿ, ಗಾಳಿಯ ತೇವ 60 ಶೇಕಡದ ಒಳಗಿರಲಿ.

ಪಾತ್ರೆಯನ್ನು ಹಲಗೆಗಿಂತ ಕೆಳಗಿಟ್ಟು, ಪೈಪಿನ ಬಾಯಿ ರೆಸಿನ್‌ನಲ್ಲಿ ಮುಳುಗಿಸಿ, ಹಿಡಿಕೆ ಬಿಡಿ. ಮೊದಲು ರಭಸದಿಂದ ಬರುತ್ತದೆ, ಆಮೇಲೆ ನಿಧಾನವಾಗುತ್ತದೆ, ಅದು ಸಹಜ. ಗಾಜಿನ ಕೆಳಗೆ ಟಾರ್ಚ್ ಹಿಡಿದು ನೋಡಿದರೆ ಮೇಲಿನ ರೆಸಿನ್ ಗೆರೆಯ ಹಿಂದೆ, ಕೆಳಮುಖದಲ್ಲಿ ಪ್ರತಿ ತೂತಿನ ಸುತ್ತ ದುಂಡಗೆ ಒದ್ದೆ ಹರಡುತ್ತಾ ಒಂದಕ್ಕೊಂದು ಸೇರುವುದು ಕಾಣುತ್ತದೆ. ಆ ದುಂಡುಗಳ ನಡುವೆ ಬಿಳಿ ಉಳಿದಿರುವಷ್ಟು ಹೊತ್ತು ರೆಸಿನ್ ನಿಲ್ಲಿಸಬೇಡಿ.

ಎದುರಿನ ಅಂಚು ಪೂರ್ತಿ ಒದ್ದೆಯಾದ ಮೇಲೆ ಮೊದಲು ರೆಸಿನ್ ಪೈಪನ್ನು ಹಿಡಿಕೆಯಿಂದ ಮುಚ್ಚಿ. ಪಾತ್ರೆ ಬರಿದಾಗಿ ಪೈಪು ಗಾಳಿ ಕುಡಿದರೆ ಮಾಡಿದ್ದೆಲ್ಲ ವ್ಯರ್ಥ. ಪಂಪನ್ನು ಮಾತ್ರ ರೆಸಿನ್ ಹೆಪ್ಪುಗಟ್ಟುವವರೆಗೆ ನಿಲ್ಲಿಸಬೇಡಿ. ಪಾಲಿಯೆಸ್ಟರ್ ಅಥವಾ ವಿನೈಲ್ ಎಸ್ಟರ್ ಆದರೆ ನಿರ್ವಾತವನ್ನು ಇಷ್ಟು ಆಳಕ್ಕೆ ಒಯ್ಯಬಾರದು, ಸ್ಟೈರಿನ್ ಕುದಿದು ಗುಳ್ಳೆಯೇಳುತ್ತದೆ.

ಹಂತ 7: ಗಟ್ಟಿಯಾಗಿಸುವುದು

25 ಡಿಗ್ರಿಯಲ್ಲಿ 24 ಗಂಟೆ ಬಿಟ್ಟರೆ ಹಲಗೆ ಅಚ್ಚು ಬಿಡುವಷ್ಟು ಗಟ್ಟಿಯಾಗುತ್ತದೆ, ವಾಹನಕ್ಕೆ ಹಾಕುವಷ್ಟಲ್ಲ. ಕೋಣೆಯ ಬಿಸಿಯಲ್ಲೇ ಗಟ್ಟಿಯಾದ ಎಪಾಕ್ಸಿ 50 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗತೊಡಗುತ್ತದೆ. ಬಿಸಿಲಿನಲ್ಲಿ ನಿಂತ ವಾಹನದ ಕಪ್ಪು ಮೈ 70–80 ಡಿಗ್ರಿ ಮುಟ್ಟಬಹುದು. ಹಾಗಾಗಿ ಎರಡನೇ ಸಲದ ಕಾಯಿಸುವಿಕೆ ಬೇಕು: ಗಂಟೆಗೆ 10 ಡಿಗ್ರಿಯಂತೆ ಏರಿಸಿ, 60 ಡಿಗ್ರಿಯಲ್ಲಿ 6–8 ಗಂಟೆ ಇರಿಸಿ, ಅಷ್ಟೇ ನಿಧಾನವಾಗಿ ಇಳಿಸಿ. ಹಲಗೆ ಅಚ್ಚಿನ ಮೇಲೇ ಇರಲಿ, ಇಲ್ಲದಿದ್ದರೆ ಬಿಸಿಗೆ ಜೋಲುತ್ತದೆ. ಬೆಚ್ಚಗಿಡುವ ನಿರೋಧಕ ಹಲಗೆಗಳ ಪೆಟ್ಟಿಗೆ, ಥರ್ಮೋಸ್ಟಾಟ್ ಇರುವ ಹೀಟರ್ ಸಾಕು. ಇದಕ್ಕಿಂತ ಹೆಚ್ಚು ಬಿಸಿ ಬೇಡುವ ರೆಸಿನ್ ಆದರೆ ಫೋಮ್ ಅದನ್ನು ತಡೆಯುತ್ತದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳಿ.

ಹಂತ 8: ಕತ್ತರಿಸುವುದು, ತೂತು ಕೊರೆಯುವುದು

ಡೈಮಂಡ್ ಲೇಪಿತ ಬ್ಲೇಡಿನಿಂದ ಕತ್ತರಿಸಿ, ದೂಳು ಹೀರುವ ಯಂತ್ರ ಪಕ್ಕದಲ್ಲೇ ಓಡುತ್ತಿರಲಿ. ಕಾರ್ಬನ್ ಆಗಿದ್ದರೆ ಅದರ ದೂಳು ವಿದ್ಯುತ್ ಹರಿಸುತ್ತದೆ, ಸ್ವಿಚ್ಚು, ಮೋಟರ್ ಒಳಗೆ ಸೇರಿದರೆ ಶಾರ್ಟ್ ಆಗುತ್ತದೆ.

ತೂತಿಗೆ ಕಾರ್ಬೈಡ್ ಬಿಟ್. ಹಲಗೆಯ ಹಿಂಬದಿಗೆ ಮರದ ತುಂಡು ಒತ್ತಿ ಹಿಡಿದು ಕೊರೆಯಿರಿ. ಆಸರೆಯಿಲ್ಲದೆ ಕೊರೆದರೆ ಬಿಟ್ ಹೊರಬರುವಾಗ ಕೊನೆಯ ಪದರವನ್ನು ಕಿತ್ತುಕೊಂಡೇ ಬರುತ್ತದೆ. ತೂತಿನ ನಡುವಿನಿಂದ ಅಂಚಿಗೆ ಬೋಲ್ಟ್ ವ್ಯಾಸದ ಮೂರು ಪಟ್ಟು, ತೂತಿನಿಂದ ತೂತಿಗೆ ನಾಲ್ಕು ಪಟ್ಟು ಅಂತರ ಬೇಕು: 6 ಮಿಮೀ ಬೋಲ್ಟಿಗೆ 18 ಮತ್ತು 24 ಮಿಮೀ. ಉಕ್ಕಿನಲ್ಲಿ ತೂತಿನ ಸುತ್ತ ಲೋಹ ಸ್ವಲ್ಪ ಹಿಗ್ಗಿ ಭಾರವನ್ನು ಪಕ್ಕದ ಬೋಲ್ಟಿಗೆ ದಾಟಿಸುತ್ತದೆ. ಫೈಬರ್ ಹಲಗೆ ಹಿಗ್ಗುವುದಿಲ್ಲ, ಹರಿಯುತ್ತದೆ. ಅಗಲ ವಾಷರ್ ಹಾಕಿ, ಕತ್ತರಿಸಿದ ಅಂಚಿಗೂ ತೂತಿನ ಒಳಮೈಗೂ ಎಪಾಕ್ಸಿ ಸವರಿ ಮುಚ್ಚಿ.

ಹಂತ 9: ಪರೀಕ್ಷೆ

ತೂಗಿ ನೋಡಿ. ಅಂಚು, ಬೋಲ್ಟ್ ತುಂಡುಗಳು ಸೇರಿ 2.2 ಕಿಲೋ ಆಗಬೇಕು. ಇದೇ ಅಳತೆಯ ಉಕ್ಕಿನ ತಗಡು 4.7 ಕಿಲೋ. 2.5 ದಾಟಿದ್ದರೆ ಹಲಗೆಯಲ್ಲಿ ರೆಸಿನ್ ಹೆಚ್ಚಿದೆ, ಸೋರಿಕೆಯಿಂದ ಒತ್ತಡ ಸಾಲದೆ ಹೋಗಿರುವುದು ಅದಕ್ಕೆ ಮೊದಲ ಕಾರಣ.

ನಾಣ್ಯದಿಂದ ಮೈಯೆಲ್ಲ ತಟ್ಟಿ. ಚೆನ್ನಾಗಿ ಹಿಡಿದ ಕಡೆ ಸ್ಪಷ್ಟವಾದ ಟಕ್ ಸದ್ದು, ಫೋಮಿನಿಂದ ಪದರ ಬಿಟ್ಟ ಕಡೆ ಮಂಕು ಸದ್ದು. ಬೋಲ್ಟ್ ತುಂಡಿನ ಮೇಲೆ ಸದ್ದು ಬದಲಾಗುವುದು ಸಹಜ, ಅದನ್ನು ಮೊದಲೇ ಗುರುತು ಮಾಡಿಕೊಳ್ಳಿ.

ಪರೀಕ್ಷಾ ಪಟ್ಟಿಯನ್ನು 500 ಮಿಮೀ ಅಂತರದ ಎರಡು ಆಸರೆಗಳ ಮೇಲಿಟ್ಟು ನಡುವೆ 5 ಕಿಲೋ ತೂಕ ಇಡಿ. ಸುಮಾರು 3 ಮಿಮೀ ಬಾಗಬೇಕು. ಅದರಲ್ಲಿ ಚೂರುಪಾರು ಫೋಮಿನ ಜಾರುವಿಕೆಯದು, ಉಳಿದದ್ದು ಬಾಗುವಿಕೆಯದು. 4 ಮಿಮೀ ಮೀರಿದರೆ ಪದರದ ದಿಕ್ಕು, ಫೋಮಿನ ದಪ್ಪ, ಕಾಯಿಸಿದ ಸಮಯ ಇವನ್ನು ಮತ್ತೊಮ್ಮೆ ನೋಡಿ.

ಹಂತ 10: ವಾಹನಕ್ಕೆ ಕೂರಿಸುವುದು

ಅಂಚನ್ನು ಚೌಕಟ್ಟಿಗೆ ಅಂಟಿಸುವುದು ಬೋಲ್ಟಿಗಿಂತ ಒಳ್ಳೆಯದು, ಭಾರ ಉದ್ದಕ್ಕೂ ಹಂಚಿಹೋಗುತ್ತದೆ. 25 ಮಿಮೀ ಅಗಲ, 2–3 ಮಿಮೀ ದಪ್ಪದ ಪಾಲಿಯುರೆಥೇನ್ ಅಂಟು ಸಾಕು. ದಪ್ಪಕ್ಕೆ ಕಾರಣವಿದೆ. ಬಿಸಿಗೆ ಅಲ್ಯೂಮಿನಿಯಂ ತುಂಬ ಹಿಗ್ಗುತ್ತದೆ, ಕಾರ್ಬನ್ ಹಲಗೆ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. 50 ಡಿಗ್ರಿ ಬಿಸಿ ಏರಿದರೆ 1 ಮೀಟರ್ ಉದ್ದಕ್ಕೆ ಎರಡರ ನಡುವೆ 1 ಮಿಮೀ ವ್ಯತ್ಯಾಸ ಬರುತ್ತದೆ. ತೆಳು, ಪೆಡಸು ಅಂಟು ಇದನ್ನು ತಾಳದು. ಗ್ಲಾಸ್ ಹಲಗೆ ಉಕ್ಕಿನ ಹತ್ತಿರ ಹತ್ತಿರ ಹಿಗ್ಗುವುದರಿಂದ ಉಕ್ಕಿನ ಚೌಕಟ್ಟಿನಲ್ಲಿ ಈ ತೊಂದರೆ ಕಡಿಮೆ.

ಮುಂದೆ ಕಾರ್ಬನ್ ಬಳಸಿದರೆ ಇನ್ನೊಂದು ಪಾಠ: ಕಾರ್ಬನ್ ಅಲ್ಯೂಮಿನಿಯಮ್ಮಿಗೆ ತಾಗಿ ನೀರು ಸೇರಿದರೆ ಬ್ಯಾಟರಿಯಂತಾಗಿ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ನಡುವೆ ಒಂದು ಪದರ ಗ್ಲಾಸ್ ಹಾಕಿ, ಬೋಲ್ಟು ಸ್ಟೇನ್‌ಲೆಸ್ ಅಥವಾ ಟೈಟಾನಿಯಂ ಇರಲಿ, ಸತು ಲೇಪಿಸಿದ್ದು ಬೇಡ.

ಈ ಹಲಗೆಗೆ ಏನನ್ನು ವಹಿಸಬಾರದು ಎಂಬುದನ್ನೂ ಹೇಳಲೇಬೇಕು. 1953ರ ಶೆವ್ರೊಲೆ ಕಾರ್ವೆಟ್‌ನ ಗ್ಲಾಸ್ ಫೈಬರ್ ಮೈ ಉಕ್ಕಿನ ಚೌಕಟ್ಟಿನ ಮೇಲೆ ಕೂತಿತ್ತು. ಫಾರ್ಮುಲಾ 1ರಲ್ಲಿ ಚಾಲಕ ಕೂರುವ ಗೂಡನ್ನೇ ಕಾರ್ಬನ್‌ನಲ್ಲಿ ಕಟ್ಟಿದ್ದು 1981ರ ಮೆಕ್‌ಲಾರೆನ್ ಎಂಪಿ4/1. ನಡುವಿನ ಆ ವರ್ಷಗಳಷ್ಟು ದೂರ ಹೊದಿಕೆಗೂ ಚೌಕಟ್ಟಿಗೂ ಇದೆ. ಉಕ್ಕು ಡಿಕ್ಕಿಯಲ್ಲಿ ಮಡಚಿಕೊಂಡು ಶಕ್ತಿ ಹೀರುತ್ತದೆ. ಫೈಬರ್ ತುದಿಯಿಂದ ಕ್ರಮವಾಗಿ ಪುಡಿಯಾಗುವಂತೆ ರೂಪಿಸಿ, ಒಡೆದು ಪರೀಕ್ಷಿಸಿದರೆ ಮಾತ್ರ ಆ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಒಮ್ಮೆಗೇ ಮುರಿಯುತ್ತದೆ. ಆದ್ದರಿಂದ ಸೀಟ್ ಬೆಲ್ಟಿನ ಹಿಡಿತ, ಸೀಟಿನ ಬೋಲ್ಟು, ಸಸ್ಪೆನ್ಷನ್ ಕೂರುವ ಜಾಗ, ಡಿಕ್ಕಿ ತಡೆಯುವ ಪಟ್ಟಿ ಇವೆಲ್ಲ ಲೋಹದ ಚೌಕಟ್ಟಿನಲ್ಲೇ ಉಳಿಯಲಿ. ಹಲಗೆಯ ಕೆಳಗೆ ಬ್ಯಾಟರಿ ಇದ್ದರೆ ಬೆಂಕಿ ತಡೆಯುವ ಪದರ ಬೇರೆಯಾಗಿ ಹಾಕಿ, ಎಪಾಕ್ಸಿ ಉರಿಯುವ ವಸ್ತು. ನೋಂದಣಿಯಾದ ವಾಹನದ ಮೂಲ ರಚನೆ ಬದಲಿಸುವುದಾದರೆ ಸಂಬಂಧಪಟ್ಟ ಸಾರಿಗೆ ಕಚೇರಿಯ ಅನುಮತಿ ಮೊದಲು ಪಡೆಯಿರಿ.

ಓಡಾಟ ಶುರುವಾದ ಮೇಲೆ ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಪ್ರತಿ ಸರ್ವೀಸಿಗೆ ಬೋಲ್ಟುಗಳ ಸುತ್ತ ನಾಣ್ಯ ತಟ್ಟಿ ನೋಡಿ. ಕಲ್ಲೇಟಿಗೆ ಬಿಳಿ ಮಚ್ಚೆ ಕಂಡರೆ ಒಳಗೆ ಪದರ ಬಿಟ್ಟಿದೆ ಎಂದರ್ಥ. ಮಚ್ಚೆಯ ಸುತ್ತ ಪ್ರತಿ ಪದರಕ್ಕೂ 15–20 ಮಿಮೀ ಅಗಲ ಹೆಚ್ಚುತ್ತಾ ಹೋಗುವಂತೆ ಇಳಿಜಾರಾಗಿ ಉಜ್ಜಿ, ಒಳಗೆ ನೀರಿದ್ದರೆ ಪೂರ್ತಿ ಒಣಗಿಸಿ, ಅದೇ ದಿಕ್ಕಿನ ಬಟ್ಟೆಯ ತುಂಡುಗಳನ್ನು ಅದೇ ಕ್ರಮದಲ್ಲಿ ಹಚ್ಚಿ.